ಇಂದಿರಾನಗರದಲ್ಲಿ ಇನ್ನೂ ಯಾರೋ ವಾಸವಾಗಿದ್ದಾರಂತೆ!

ಬೆಂಗಳೂರಿನ ಇಂದಿರಾನಗರದಲ್ಲಿ ಈಗಲೂ ಕೆಲವರು ಸಂಸಾರ ಸಮೇತ ವಾಸವಾಗಿದ್ದಾರೆ ಎಂಬ ಗಾಳಿಸುದ್ದಿ ಇದೆ. ನಂಬುವುದು ಕಷ್ಟ. ನೂರಡಿ ರಸ್ತೆ ಹಿಡಿದು ಹೊರಟರೆ ಚಿನ್ನದಂಗಡಿ, ಶೂ ಅಂಗಡಿ, ಸೋಫಾ ಶೋರೂಮು, ಪಬ್ಬು, ಮತ್ತೆ ಪಬ್ಬು. ಎಲ್ಲಾದರೂ ಬಾಲ್ಕನಿಯಲ್ಲಿ ಒಣಹಾಕಿದ ಲುಂಗಿ ಕಂಡರೆ ಅದು ನಿಮ್ಮ ಪುಣ್ಯ. ರಸ್ತೆ ನೂರಡಿಯದ್ದೇ, ಸುಳ್ಳಲ್ಲ. ಕಾರು, ಬೈಕು, ‘ಕಾಯ್ದಿರಿಸಲಾಗಿದೆ’ ಕೋನುಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ ನಡೆಯುವವನಿಗೆ ಒಂದೂವರೆ ಅಡಿ ಉಳಿಯುತ್ತದೆ, ಅದರಲ್ಲೂ ಅರ್ಧ ಚರಂಡಿ ಚಪ್ಪಡಿ.

ಕಾಗದದಲ್ಲಿ ಇದು ವಸತಿ ಬಡಾವಣೆ. ಪಾಪ, ಕಾಗದಕ್ಕೆ ಯಾರೂ ಹೇಳಿಲ್ಲ.

ಈಗಿನ ಫ್ಯಾಷನ್ ಏನೆಂದರೆ, ಹಳೇ ಮನೆಯನ್ನು ಕೆಡವಬಾರದು. ರೆಡ್ ಆಕ್ಸೈಡ್ ನೆಲ, ಕಿಟಕಿಯ ಗ್ರಿಲ್ಲು, ಹಿತ್ತಲ ಮಾವಿನ ಮರ ಎಲ್ಲವನ್ನೂ ಹಾಗೇ ಇಟ್ಟು, ಮನೆಯವರನ್ನು ಮಾತ್ರ ಹೊರಗೆ ಕಳಿಸಬೇಕು. ಆಮೇಲೆ ‘ಮನೆಯ ವಾತಾವರಣ’ ಎಂದು ಬರೆದು ಕೆಫೆ ತೆರೆಯಬೇಕು. ಅಜ್ಜಿ ಮಲಗುತ್ತಿದ್ದ ಕೋಣೆ ಪ್ರೈವೇಟ್ ಡೈನಿಂಗ್ ಆಗುತ್ತದೆ. ದರ್ಶಿನಿಯಲ್ಲಿ ಎರಡಂಕಿಗೆ ಸಿಗುವ ಫಿಲ್ಟರ್ ಕಾಫಿ ಇಲ್ಲಿ ಹಿತ್ತಾಳೆ ಲೋಟ ಏರಿ, ಮರದ ಹಲಗೆ ಏರಿ, ಮೂರಂಕಿಗೆ ಮುಟ್ಟುತ್ತದೆ. ಆ ಮನೆಯ ಮಗ ಸರ್ಜಾಪುರ ರಸ್ತೆಯ ಹದಿನೆಂಟನೇ ಮಹಡಿಯಿಂದ ಭಾನುವಾರ ಇಳಿದು ಬಂದ ಎಂದಿಟ್ಟುಕೊಳ್ಳಿ.

“ಸರ್, ಬುಕಿಂಗ್ ಇದೆಯಾ?”

“ಇಲ್ಲಮ್ಮ, ನಾನು ಹುಟ್ಟಿ ಬೆಳೆದಿದ್ದೇ ಈ ಮನೇಲಿ.”

“ಓ, ಸೋ ಸ್ವೀಟ್ ಸರ್! ನಲವತ್ತು ನಿಮಿಷ ವೇಟಿಂಗ್ ಆಗತ್ತೆ.”

ಅಂಗಡಿ ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತಲ್ಲ, ಹಾಗೆ ಬಂದ ಕನ್ನಡವೂ ಇಲ್ಲಿ ಬಾಗಿಲ ಮೇಲೇ ನಿಂತಿದೆ. ಮೆನುವಿನೊಳಗೆ ಬಿಟ್ಟಿಲ್ಲ. ಅದಕ್ಕೂ ಬುಕಿಂಗ್ ಇರಲಿಲ್ಲವೇನೋ.

ಇಂದಿರಾನಗರಕ್ಕೆ ಮೆಟ್ರೊ ಬಂದಿದ್ದು 2011ರಲ್ಲಿ, ನಗರದ ಮೊಟ್ಟಮೊದಲ ಮಾರ್ಗದಲ್ಲೇ. ಆದರೆ ಮೆಟ್ರೊದಲ್ಲಿ ಬಂದರೆ ವ್ಯಾಲೆಟ್ ಹುಡುಗನ ಕೈಗೆ ಕೀ ಎಸೆಯುವ ಸುಖ ಎಲ್ಲಿಂದ ಬರಬೇಕು? ಆ ಹುಡುಗನಾದರೂ ಏನು ಮಾಡಿಯಾನು, ಕಾರನ್ನು ತೆಗೆದುಕೊಂಡು ಹೋಗಿ ಹಿಂದಿನ ಕ್ರಾಸಿನಲ್ಲಿ ಯಾರದೋ ಗೇಟಿಗೆ ಅಡ್ಡ ನಿಲ್ಲಿಸುತ್ತಾನೆ. ಗೇಟಿನ ಮೇಲೆ ‘ಗಾಡಿ ನಿಲ್ಲಿಸಿದರೆ ಚಕ್ರದ ಗಾಳಿ ತೆಗೆಯಲಾಗುವುದು’ ಎಂಬ ತಗಡು. 2021ರಲ್ಲಿ ಬಂದ ಜಾಹೀರಾತೊಂದರಲ್ಲಿ ರಾಹುಲ್ ದ್ರಾವಿಡ್ ಟ್ರಾಫಿಕ್ಕಿನ ನಡುವೆ ‘ಇಂದಿರಾನಗರದ ಗೂಂಡಾ’ ಆಗಿ ಅಬ್ಬರಿಸಿದಾಗ ದೇಶವೆಲ್ಲ ಬಿದ್ದು ಬಿದ್ದು ನಕ್ಕಿತು. ಸ್ಥಳೀಯರು ಮಾತ್ರ ನಕ್ಕಿರಲಾರರು. ಶನಿವಾರ ಸಂಜೆ ಅಲ್ಲಿ ಸಿಕ್ಕಿಕೊಂಡವರಿಗೆ ಅದು ನಟನೆಯಾಗಿ ಕಂಡಿರಲಿಕ್ಕಿಲ್ಲ.

ಸದ್ದಿನ ಕಥೆ ಬೇರೆ. 2008ರಲ್ಲಿ ಪಕ್ಕದ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದಾಗ, ಸದ್ಯ ಇನ್ನು ನಿದ್ದೆ ಮಾಡಬಹುದು ಎಂದುಕೊಂಡವರಿದ್ದರೇನೋ. ವಿಮಾನವಾದರೆ ಹಾರಿ ಹೋಗುತ್ತಿತ್ತು, ಡಿಜೆ ಹಾರಿ ಹೋಗುವುದಿಲ್ಲ. ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ನಂತರ 45 ಡೆಸಿಬೆಲ್ ಮೀರುವಂತಿಲ್ಲ. ನಿವೃತ್ತ ಕರ್ನಲ್ಲೊಬ್ಬರು ಮೊಬೈಲ್ ಆ್ಯಪಿನಲ್ಲಿ ಅಳೆದು, ಸ್ಕ್ರೀನ್‌ಶಾಟ್ ತೆಗೆದು, ದೂರು ಕೊಡುತ್ತಾರೆ. ಜೀಪು ಬರುತ್ತದೆ, ವಾಲ್ಯೂಮ್ ಇಳಿಯುತ್ತದೆ. ಜೀಪು ತಿರುವು ದಾಟುತ್ತಲೂ ಏರುತ್ತದೆ. ಒಳಗೆ ಮೂರನೇ ಮಗ್ಗಿನಲ್ಲಿರುವ ಯುವಕ ಗೆಳೆಯನ ಕಿವಿಗೆ ಬಾಯಿಟ್ಟು ಕಿರುಚುತ್ತಿರುತ್ತಾನೆ: “ಮಗಾ, ಈ ಏರಿಯಾ ಎಷ್ಟು ಶಾಂತವಾಗಿದೆ ನೋಡು!”

ಹಾಗಂತ ನಿವಾಸಿಗಳೆಲ್ಲ ಅಬಲರು ಎಂದುಕೊಳ್ಳಬೇಡಿ. ಪಬ್ಬುಗಳು ಆಕಾಶದಿಂದ ಉದುರಲಿಲ್ಲ. ಪ್ರತಿಯೊಂದಕ್ಕೂ ಒಬ್ಬ ಓನರ್ ಇದ್ದಾನೆ, ಒಂದು ಕರಾರು ಇದೆ, ಕರಾರಿನಲ್ಲಿ ವರ್ಷ ವರ್ಷ ಬಾಡಿಗೆ ಏರುವ ಷರತ್ತು ಇದೆ. ಭಾನುವಾರ ಬೆಳಿಗ್ಗೆ ಸಂಘದ ಸಭೆಯಲ್ಲಿ ವಾಣಿಜ್ಯೀಕರಣದ ವಿರುದ್ಧ ಮೇಜು ಗುದ್ದಿದ ಮಹನೀಯರು ಸೋಮವಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಅವರ ವಿರೋಧ ಇರುವುದು ಪಕ್ಕದ ಮನೆಯ ಪಬ್ಬಿಗೆ.

ಅಂಥದೊಂದು ಕಟ್ಟಡದಲ್ಲಿ ಕೆಳಗೆರಡು ಅಂತಸ್ತು ಬ್ರೂವರಿ. ಮೇಲಿನ ಮಹಡಿ ಖಾಲಿಯಿದೆ, ಓನರ್ ಬೋರ್ಡು ತೂಗುಹಾಕಿದ್ದಾರೆ: ‘ಸಸ್ಯಾಹಾರಿ ಕುಟುಂಬಸ್ಥರಿಗೆ ಮಾತ್ರ. ಕುಡಿತಕ್ಕೆ ಅವಕಾಶವಿಲ್ಲ. ರಾತ್ರಿ ಹತ್ತಕ್ಕೆ ಗೇಟು ಹಾಕಲಾಗುವುದು.’