ಅಯಸ್ಕಾಂತ ಅಂಟಿದ್ದೆಲ್ಲ ಉಲ್ಕಾಶಿಲೆ ಅಲ್ಲ

“ಕಲ್ಲಿಗೆ ಅಯಸ್ಕಾಂತ ಅಂಟಿದರೆ ಅದು ಉಲ್ಕಾಶಿಲೆಯೇ” ಅನ್ನೋ ಮಾತು ಓಡಾಡುತ್ತಿದೆ. ಇದು ತಪ್ಪು. ಭೂಮಿಯದ್ದೇ ಅದಿರಾದ ಮ್ಯಾಗ್ನಟೈಟ್‌ಗೂ ಅದು ಅಂಟುತ್ತದೆ, ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟಕ್ಕೂ ಎಷ್ಟೋ ಸಲ ಅಂಟುತ್ತದೆ.

ಟೈಲ್ಸ್‌ನ ಹೊಳಪಿಲ್ಲದ ಹಿಂಬದಿಗೆ ಕಲ್ಲನ್ನು ಉಜ್ಜಿ ನೋಡಿ. ಕಪ್ಪು ಗೆರೆ ಬಿದ್ದರೆ ಬಹುಶಃ ಮ್ಯಾಗ್ನಟೈಟ್, ಕೆಂಪು ಕಂದಾದರೆ ಹೆಮಟೈಟ್ ಅನ್ನೋ ಕಬ್ಬಿಣದ ಅದಿರು. ಗುಳ್ಳೆ ಒಡೆದ ಹಾಗೆ ಮೈತುಂಬ ತೂತುಗಳಿದ್ದರೆ ಹೆಚ್ಚಾಗಿ ಕಿಟ್ಟವೇ. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಸಾಮಾನ್ಯವಾಗಿ ತೆಳು ಕರಿ ಸಿಪ್ಪೆ ಇರುತ್ತದೆ, ಮುರಿದ ಕಡೆ ಬೂದು ಬಣ್ಣದ ನಡುವೆ ಲೋಹದ ಚುಕ್ಕೆಗಳು ಮಿನುಗುತ್ತವೆ.

ನನಗೆ ಜಾಸ್ತಿ ಬೇಸರದ ವಿಷಯ ಬೇರೆ. ಬಲವಾದ ಅಯಸ್ಕಾಂತ ತಾಗಿಸಿದರೆ ಕೋಟ್ಯಂತರ ವರ್ಷಗಳಿಂದ ಕಲ್ಲಿನೊಳಗೆ ಉಳಿದಿದ್ದ ಕಾಂತೀಯ ಗುರುತು, ಅಂದರೆ ಹಿಂದಿನ ಕಾಂತಕ್ಷೇತ್ರದ ದಾಖಲೆ, ಕ್ಷಣದಲ್ಲಿ ಅಳಿಸಿಹೋಗುತ್ತದೆ. 2011ರಲ್ಲಿ ಸಹಾರಾದಲ್ಲಿ ಸಿಕ್ಕ ಮಂಗಳ ಗ್ರಹದ ‘ಬ್ಲ್ಯಾಕ್ ಬ್ಯೂಟಿ’ ಅನ್ನೋ ಉಲ್ಕಾಶಿಲೆಗೂ ಹೀಗೇ ಆಯಿತು. ದಯವಿಟ್ಟು ಅಯಸ್ಕಾಂತವನ್ನು ದೂರ ಇಡಿ.