ಬಾಟಲಿಯ ಮಳೆ, ವಾಟ್ಸಾಪಿನ ಸೊನ್ನೆ

ಮಕ್ಕಳಿಗೆ ಆನ್‌ಲೈನಿನಲ್ಲಿ ಪರಿಸರ ವಿಜ್ಞಾನ ಅಂದರೆ ಈಗ ಒಂದು ಕ್ವಿಜ್, ಒಂದು ಪೋಸ್ಟರ್, ಕೊನೆಗೊಂದು ಸರ್ಟಿಫಿಕೇಟ್. ಇದನ್ನು ಸಂಶೋಧನೆ ಅನ್ನಲಾಗದು. ದೂರದಿಂದ ಮಾಡಿಸುವುದಾದರೆ ಮಗು ತನ್ನ ಅಂಗಳದಲ್ಲೇ ಅಳೆಯುವಂಥದ್ದು, ತಪ್ಪಿದರೆ ಫೋಟೊ ನೋಡಿಯೇ ನಮಗೆ ಗೊತ್ತಾಗುವಂಥದ್ದು ಬೇಕು. ಮಳೆಯಷ್ಟು ಅನುಕೂಲದ್ದು ಇನ್ನೊಂದಿಲ್ಲ.

2 ಲೀಟರಿನ ಕೂಲ್‌ಡ್ರಿಂಕ್ ಬಾಟಲಿಯನ್ನು ಮೈ ನೇರವಾಗುವಲ್ಲಿ ಕತ್ತರಿಸಿ, ಮುಚ್ಚಳ ತೆಗೆದ ಮೇಲ್ಭಾಗವನ್ನು ತಲೆಕೆಳಗಾಗಿ ಕೂರಿಸಿ ಟೇಪ್ ಸುತ್ತಿದರೆ ಮಳೆಮಾಪಕ ರೆಡಿ. ಬದಿಗೆ ಸ್ಕೇಲ್ ಅಂಟಿಸುವ ಗೋಜು ಬೇಡ. ಆ ಬಾಟಲಿಗಳ ತಳ ಉಬ್ಬುತಗ್ಗಿನದು, ಸಣ್ಣ ಮಳೆಯ ಲೆಕ್ಕ ಅಲ್ಲೇ ಕೆಡುತ್ತದೆ. ಸೇರಿದ ನೀರನ್ನು ಎಳೆದು ಅಳೆಯಲು ಮೆಡಿಕಲ್ ಶಾಪಿನ 10 ಎಂ.ಎಲ್. ಸಿರಿಂಜ್ ಸಾಕು, ಸೂಜಿ ಬೇಡ. ಮೇಲಂಚಿನ ಒಳವ್ಯಾಸ 10 ಸೆಂ.ಮೀ. ಇದ್ದರೆ 7.85 ಎಂ.ಎಲ್. ನೀರಿಗೆ 1 ಮಿ.ಮೀ. ಮಳೆ. ವ್ಯಾಸವನ್ನು ಅರ್ಧ ಸೆಂಟಿಮೀಟರ್ ಕಮ್ಮಿ ಬರೆದುಕೊಂಡರೆ ಮಳೆಗಾಲವಿಡೀ ಲೆಕ್ಕ ಶೇ 11ರಷ್ಟು ಜಾಸ್ತಿ ಬರುತ್ತದೆ. ಹಾಗಾಗಿ ಬಾಯಿಗೆ ಅಡ್ಡ ಸ್ಕೇಲ್ ಇಟ್ಟ ಫೋಟೊ ಮೊದಲು ತರಿಸಿಕೊಳ್ಳಿ. ಮಳೆ ಬರುವ ಮುಂಚೆಯೇ 100 ಎಂ.ಎಲ್. ನೀರು ಸುರಿಸಿ ವಾಪಸ್ ಅಳೆಸಿ. 97-98 ಬಂದರೆ ಸರಿ. 85 ಬಂತೋ, ಸಿರಿಂಜಿನ ಎಣಿಕೆ ತಪ್ಪಿದೆ, ಇಲ್ಲವೇ ಬಾಟಲಿಯ ತಳದಲ್ಲಿ ನೀರು ಉಳಿದಿದೆ.

ಇಡುವ ಜಾಗವೇ ದೊಡ್ಡ ತಲೆನೋವು. ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬೇಕು. ಬಾಯಿ ನೆಲದಿಂದ ಒಂದಡಿ ಮೇಲಿರಲಿ. ಒಳಗಿನ ನೀರು ಕೆಂಪಾಗಿದ್ದರೆ ನೆಲಕ್ಕೆ ಬಿದ್ದ ಮಳೆ ಮಣ್ಣಿನ ಸಮೇತ ಸಿಡಿದು ಒಳಗೆ ಬಿದ್ದಿದೆ ಅಂತಲೇ ಅರ್ಥ. ಗಾಳಿಗೆ ಉರುಳದಂತೆ ಬಾಟಲಿಯನ್ನು ಮರಳು ತುಂಬಿದ ಕುಂಡದಲ್ಲಿ ಹೂತಿಡಿ.

ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಸ್ಕೂಲ್ ಬಸ್ಸು ಮೊದಲೇ ಬರುವ ಮಗು 7ಕ್ಕೇ ಅಳೆಯಲಿ, ಆದರೆ ದಿನಾ 7ಕ್ಕೇ, ಸಮಯವನ್ನೂ ಬರೆದು. ವಾಟ್ಸಾಪ್ ಗ್ರೂಪಿಗೆ ತಾರೀಖು, ಸಮಯ, ಎಂ.ಎಲ್. ಬಂದರೆ ಸಾಕು. ಊರಿನ ಹೆಸರು ಇರಲಿ, ಮನೆಯ ಲೊಕೇಶನ್ ಬೇಡ. ಮಿ.ಮೀ.ಗೆ ತಿರುಗಿಸುವ ಲೆಕ್ಕವನ್ನೂ ಮಗುವೇ ಮಾಡಲಿ, ನಾವು ಬರೀ ತಾಳೆ ನೋಡೋಣ. ಮಳೆ ಇಲ್ಲದ ದಿನ 0 ಬರಲೇಬೇಕು. ಏನೂ ಬರದಿದ್ದರೆ ಅದು ಸೊನ್ನೆಯಲ್ಲ, ಅಳೆಯದ ದಿನ. ಮಕ್ಕಳು ತಪ್ಪುವುದು ಹೆಚ್ಚಾಗಿ ಇಲ್ಲೇ, ದೊಡ್ಡವರೂ ಅಷ್ಟೇ ಬಿಡಿ. ಮಲೆನಾಡಿನ ತೋಟದ ಮನೆಗಳಲ್ಲಿ ಇಂಚು-ಸೆಂಟಿನಲ್ಲಿ ಬರೆದಿಟ್ಟ ಹಳೆಯ ಡೈರಿ ಸಿಕ್ಕರೆ ಹಬ್ಬ: 1 ಇಂಚಿಗೆ 25.4 ಮಿ.ಮೀ., ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು.

ಒಂದೇ ಊರಿನ ಇಬ್ಬರಲ್ಲಿ ಒಬ್ಬರಿಗೆ 8, ಇನ್ನೊಬ್ಬರಿಗೆ 31 ಮಿ.ಮೀ. ಬಂದರೆ ತಿದ್ದಲು ಹೋಗಬೇಡಿ, ಯಾಕಿರಬಹುದು ಅಂತ ಅವರನ್ನೇ ಕೇಳಿ. ಮೇ ತಿಂಗಳ ಗುಡುಗು ಮಳೆಯಾದರೆ ಎರಡೂ ಸರಿ ಇರಬಹುದು. ಜುಲೈನ ಜಡಿಮಳೆಯಾದರೆ ಒಬ್ಬರ ಬಾಟಲಿ ಹಲಸಿನ ಮರದಡಿ ಇದೆಯೋ ಏನೋ, ಒಂದು ಫೋಟೊ ತರಿಸಿ ನೋಡಿ.