ಭಾವನ ಮೂರು ಹದಿನೆಂಟು

ನನ್ನ ಭಾವ ಹುಟ್ಟಾ ಅರ್ಥಧಾರಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವವರು. ನಮ್ಮ ಕಾಸರಗೋಡಿನ ಬದಿಯಡ್ಕದ ಆಚೀಚೆ ಎಲ್ಲಿ ತಾಳಮದ್ದಳೆ ನಡೆದರೂ ಅವರಿಗೊಂದು ಕುರ್ಚಿ ಇದ್ದೇ ಇರುತ್ತದೆ. ಅವರು ಕುರ್ಚಿಯಲ್ಲಿ ಕೂತ ಮೇಲೆ ಎದುರಿನವನ ಗತಿ ದೇವರಿಗೇ ಪ್ರೀತಿ. ಇಂಥವರನ್ನು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡಲು ಕರೆದವನು ನಾನೇ. ತಪ್ಪನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಆಟದ ಪೆಟ್ಟಿಗೆಯನ್ನು ತಂದವನು ಅವರ ಮಗ, ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಸೋದರಳಿಯ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಹೊರತಂದ ಆಟ ಇದು. ಒಬ್ಬ ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು. ಏಟು ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. “ಅಂದರೆ ದಾಳ ಇಟ್ಟುಕೊಂಡ ತಾಳಮದ್ದಳೆ” ಎಂದರು ಭಾವ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಪದ್ಯ ಹಾಡಿ ಕಥೆ ನಡೆಸುವವರು ಭಾಗವತರು; ಆ ಭಾಗವತಿಕೆ ನನ್ನ ಪಾಲಿಗೆ ಬಂತು. ಖಡ್ಗ ಹಿಡಿದ ವೀರ ಭಾವ, ಕಳ್ಳ ಅಳಿಯ, ಮಂತ್ರವಾದಿನಿ ಒಂಬತ್ತನೆಯ ತರಗತಿಯ ನನ್ನ ಮಗಳು, ಗಾಯ ಮಾಯಿಸುವ ಪುರೋಹಿತ ಪಕ್ಕದ ಮನೆಯ ನಿವೃತ್ತ ಮಾಸ್ತರರು.

ಪಾತ್ರದ ಬಲ, ಬುದ್ಧಿ, ಚುರುಕು ಇತ್ಯಾದಿ ಆರು ಗುಣಗಳಿಗೆ ಅಂಕ ಬೇಕು. ನಾಲ್ಕು ಸಾಮಾನ್ಯ ದಾಳ ಎಸೆದು, ಅತಿ ಕಡಿಮೆ ಬಿದ್ದುದನ್ನು ಬಿಟ್ಟು, ಉಳಿದ ಮೂರನ್ನು ಕೂಡಿಸುವುದು ಕ್ರಮ. ಹೀಗೆ ಆರು ಸಲ. ಒಂದಕ್ಕೆ ಹೆಚ್ಚೆಂದರೆ 18. ಇದನ್ನು ಜಗಲಿಯಲ್ಲಿ ಎಲ್ಲರ ಎದುರು ಮಾಡೋಣ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಭಾವ ಮನೆಯಲ್ಲಿ ‘ಸಮಾಧಾನವಾಗಿ’ ಎಸೆದು ಚೀಟಿ ತಂದರು. 18, 18, 18, 17, 16, 16.

“ಸಾಕ್ಷಿ ಯಾರು?” ಎಂದು ಕೇಳಿದೆ.

“ಹಟ್ಟಿಯಲ್ಲಿ ದನ ಇತ್ತು.”

ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಒಂದು 18 ಬೀಳುವ ಸಾಧ್ಯತೆಯೇ 1,296ರಲ್ಲಿ 21. ಆರು ಎಸೆತದಲ್ಲಿ ಮೂರು ಬೀಳುವುದು ಸುಮಾರು 12,000ಕ್ಕೊಂದು. ಬಿಲ್ಲನ್ನು ಅವರ ಮುಂದೆ ಹಿಡಿದೆ. ಭಾವ ಕನ್ನಡಕ ಏರಿಸಿ ಮೊದಲು ಬಿಲ್ಲಿನ ಮೊತ್ತವನ್ನು ಓದಿದರು, “ಜಾಸ್ತಿಯಾಯಿತಲ್ಲ” ಎಂದರು, ಆಮೇಲೆ ನನ್ನ ಲೆಕ್ಕವನ್ನು ನೋಡಿದರು. “ಕೇರಳದಲ್ಲಿ ದಿನವೂ ಯಾರಿಗಾದರೂ ಲಾಟರಿ ಹೊಡೆಯುತ್ತದೆ. ಅವನನ್ನು ಸಾಕ್ಷಿ ಕೇಳುತ್ತಾರೆಯೇ?” ಎಲ್ಲರಿಗೂ ಸಮನಾಗಿ 27 ಅಂಕ ಕೊಟ್ಟು ಗುಣಗಳನ್ನು ಕೊಂಡುಕೊಳ್ಳುವ ಇನ್ನೊಂದು ಕ್ರಮವೂ ಪುಸ್ತಕದಲ್ಲಿದೆ ಎಂದೆ. “ವೀರರನ್ನು ರೇಷನ್ ಅಂಗಡಿಯಲ್ಲಿ ತರುವುದಿಲ್ಲ” ಎಂದರು. ಅಕ್ಕನ ಗಂಡ, ಹೆಚ್ಚು ಎಳೆಯುವಂತಿಲ್ಲ.

ಮೊದಲ ಶನಿವಾರ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸರನ್ನು ಬಿಟ್ಟೆ. ಒಂದೊಂದಕ್ಕೆ 7 ಅಂಕದ ಪ್ರಾಣ. ಭಾವ ಒಂದೊಂದೇ ಏಟಿಗೆ ಅವನ್ನು ಸೋಗೆ ಕಡಿದಂತೆ ಕಡಿದರು, ಪ್ರತಿ ಗಾಬ್ಲಿನ್‌ನ ಕೊನೆಯುಸಿರಿಗೆ ಮೊದಲು ಅದರ ಕುಲಗೋತ್ರವನ್ನು ವಿಚಾರಿಸಿದರು. ಅಳಿಯ ಮೊಬೈಲ್ ನೋಡಿದ. ಮಾಸ್ತರರು ಚಕ್ಕುಲಿ ಮುಗಿಸಿದರು. ಮಗಳು ಗಣಿತದ ಹೋಂವರ್ಕ್ ತೆಗೆದು ಕೂತಳು. ಆಟದ ಮಧ್ಯೆ ಒಂದು ಮಗು ತಾನಾಗಿ ಗಣಿತ ತೆಗೆಯಿತೆಂದರೆ ಭಾಗವತನ ಯೋಗ್ಯತೆಯನ್ನು ಲೆಕ್ಕ ಹಾಕಿಕೊಳ್ಳಿ.

ಮರುವಾರ ಭಾವನಿಗೆ ತಕ್ಕ ಎದುರಾಳಿ ಇರಲೆಂದು ಓಗರ್ ಎಂಬ ದೈತ್ಯನನ್ನು ತಂದೆ. 59 ಅಂಕದ ಪ್ರಾಣ, ಗದೆ ಬೀಸಿದರೆ ಸರಾಸರಿ 13 ಪೆಟ್ಟು. ಗದೆ ಭಾವನ ಕಬ್ಬಿಣದ ಕವಚಕ್ಕೆ ತಾಗಲೇ ಇಲ್ಲ. ಹತಾಶನಾದ ದೈತ್ಯ ಪಕ್ಕಕ್ಕೆ ತಿರುಗಿದ. ಅಲ್ಲಿದ್ದದ್ದು 7 ಅಂಕದ ಮಂತ್ರವಾದಿನಿ. ಆ ರಾತ್ರಿ ಮಗಳು ನನಗೆ ನೀರಿನ ಚೊಂಬನ್ನೂ ದಾಟಿಸಲಿಲ್ಲ. “ಮಗಳನ್ನು ಹೊಡೆದು ಮಲಗಿಸಿದಿರಂತೆ?” ಎಂದು ಹೆಂಡತಿ ಕೇಳಿದಳು. ಮಾಸ್ತರರು ಎಬ್ಬಿಸಿದರಲ್ಲ ಎಂದೆ. ಅದು ಉತ್ತರವಾಗಲಿಲ್ಲ.

ಮೂರನೆಯ ವಾರ ಭಾವನ ಖಡ್ಗವನ್ನೇ ಕಳವು ಮಾಡಿಸಿದೆ. ಅವರು ಕಾಫಿ ಮುಟ್ಟಲಿಲ್ಲ. ಖಡ್ಗ ಹತ್ತು ನಿಮಿಷದಲ್ಲಿ ಸಿಕ್ಕಿತು.

ಆ ಹೊತ್ತಿಗೇ ಇಪ್ಪತ್ತು ಮುಖದ ದಾಳ ಜಗಲಿಯಿಂದ ಹಾರಿ ಅಂಗಳಕ್ಕೆ ಬಿತ್ತು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ. ದಾಳವೂ ಕಂದು ಬಣ್ಣದ್ದು. ಟಾರ್ಚ್ ಹಿಡಿದು ಐದು ಜನ ಮೊಣಕಾಲೂರಿ ಹುಡುಕಿದೆವು. ಮಾಸ್ತರರು ಮೂರು ಸಲ ‘ಸಿಕ್ಕಿತು’ ಎಂದರು, ಮೂರೂ ಸಲ ಅಡಿಕೆ. ಅಡಿಕೆಯ ಮಧ್ಯೆ ನಡೆಯಬೇಡಿ ಎಂದು ಒಳಗಿನಿಂದ ಅಮ್ಮ ಕೂಗುತ್ತಿದ್ದರು. ಕಡೆಗೆ ಆ ಮೂಲೆಯಿಂದ ಭಾವನ ಸ್ವರ: “ಇಲ್ಲಿದೆ! ಮೇಲೆ 20!”

ಮೇಜಿನಿಂದ ಬಿದ್ದ ದಾಳವನ್ನು ಪುನಃ ಎಸೆಯಬೇಕು ಎಂದೆ. ಭಾವ ಅಂಗಳದಲ್ಲೇ ನಿಂತು ಅರ್ಥ ಹೇಳಲು ಶುರು ಮಾಡಿದರು. ಮೇಜಿಗೂ ಆಧಾರ ಭೂಮಿಯೇ. ಆಧಾರದ ಮೇಲೆ ಬಿದ್ದದ್ದು ಪ್ರಮಾಣವಲ್ಲವೆಂದರೆ ಆಧೇಯದ ಮೇಲೆ ಬಿದ್ದದ್ದು ಹೇಗೆ ಪ್ರಮಾಣ? ಮಾಸ್ತರರು ತಲೆದೂಗಿದರು. 20 ಮಂಜೂರಾಯಿತು.

ತಾಳಮದ್ದಳೆಯಲ್ಲಿ ಭಾಗವತರು ಇಂಥವರ ಜೊತೆ ವಾದಕ್ಕೆ ಇಳಿಯುವುದಿಲ್ಲ. ಮಾತು ಉದ್ದವಾಯಿತೆಂದರೆ ಜಾಗಟೆಗೊಂದು ಪೆಟ್ಟು ಹಾಕಿ ಮುಂದಿನ ಪದ್ಯ ಎತ್ತುತ್ತಾರೆ, ಮಾತಿನ ಸರದಿ ಎದುರಿನವನಿಗೆ ಹೋಗುತ್ತದೆ. ಇದು ನನಗೆ ಹೊಳೆಯಲು ಮೂರು ಶನಿವಾರ ಬೇಕಾಯಿತು. ನಾಲ್ಕನೆಯ ವಾರ ಶತ್ರುವನ್ನೇ ತರಲಿಲ್ಲ. ಒಂದು ಕಲ್ಲಿನ ಬಾಗಿಲು, ಅದರ ಮೇಲೆ ಆಟದಲ್ಲಿ ಬರುವ ಕುಳ್ಳರ ಲಿಪಿಯಲ್ಲಿ ಬರಹ. ಅದನ್ನು ಓದುವ ಮಂತ್ರ ಇದ್ದದ್ದು ಮಗಳೊಬ್ಬಳಲ್ಲಿ.

ಭಾವ ಬಾಗಿಲನ್ನು ಖಡ್ಗದಿಂದ ಹೊಡೆದರು. ಭುಜದಿಂದ ದೂಡಿದರು. ಅದರ ಕುಲಗೋತ್ರ ಕೇಳಿದರು. ಕೊನೆಗೆ ಮಗಳ ಪಕ್ಕ ಬಂದು, ಮಲಯಾಳಂ ಅರ್ಜಿ ಹಿಡಿದು ಕಚೇರಿಯ ವರಾಂಡದಲ್ಲಿ ಓದಿ ಹೇಳುವವರನ್ನು ಹುಡುಕುವ ನಮ್ಮೆಲ್ಲರ ಮುಖ ಮಾಡಿಕೊಂಡು, “ಏನು ಬರೆದಿದ್ದಾರೆ ಮಗಳೇ?” ಎಂದರು.

“ಸ್ವಲ್ಪ ತಡೆಯಿರಿ ಮಾವ” ಎಂದಳು ಅವಳು, ಪುಟ ತಿರುಗಿಸುತ್ತ. ಆ ‘ಸ್ವಲ್ಪ’ವನ್ನು ಅರ್ಧ ಗಂಟೆ ಎಳೆದಳು. ನಾನು ತಡೆಯಲಿಲ್ಲ. ಗಣಿತದ ಪುಸ್ತಕ ಚೀಲದಿಂದ ಹೊರಬರಲಿಲ್ಲ.

ಗೆದ್ದೆ ಎಂದುಕೊಂಡೆ. ಮುಂದಿನ ಶನಿವಾರ ಭಾವ ತಾವಾಗಿಯೇ ಹಳೆಯ ಚೀಟಿಯನ್ನು ಹರಿದು, ಎಲ್ಲರೆದುರು ಹೊಸ ದಾಳ ಎಸೆದರು. ಬಲ 7, ಬುದ್ಧಿ 6. “ಈ ಸಲ ನಾನು ಹಾಸ್ಯಗಾರ” ಎಂದರು. ನನಗೆ ಸಂತೋಷದಿಂದ ಗಂಟಲು ಕಟ್ಟಿತು.

ದೈತ್ಯ ಗದೆ ಎತ್ತಿದ. ಭಾವ ಅವನ ಕಾಲ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ನಿನ್ನ ತಾಯಿ ಊಟ ಮಾಡಿದರೇ ಎಂದು ಕೇಳಿದರು. ಅಲ್ಲಿಂದ ತನ್ನ ತಾಯಿಗೆ ಬಂದರು, ಅಲ್ಲಿಂದ ಹಸಿವಿಗೆ, ಹಸಿವಿನಿಂದ ಅಡಿಕೆಯ ಧಾರಣೆಗೆ. ಮಾಸ್ತರರು ಕಣ್ಣೊರೆಸಿಕೊಂಡರು. ಅಳಿಯ ಮೊಬೈಲ್ ಕೆಳಗಿಟ್ಟ. ಅಮ್ಮ ಬಾಗಿಲಿಗೆ ಬಂದು ನಿಂತರು. ಖಡ್ಗವಿದ್ದಾಗ ಏಟಿನ ಮಧ್ಯೆಯಾದರೂ ಉಳಿದವರಿಗೆ ಒಂದು ಸರದಿ ಸಿಗುತ್ತಿತ್ತು.

ಇಪ್ಪತ್ತು ನಿಮಿಷ ಕಾದು, ಚಮಚದಿಂದ ಸ್ಟೀಲ್ ಲೋಟಕ್ಕೆ ಟಣ್ ಎಂದು ಬಾರಿಸಿದೆ.

ಭಾವ ತಿರುಗಿಯೂ ನೋಡದೆ ಕೈ ಎತ್ತಿದರು. “ಒಂದು ನಿಮಿಷ, ಭಾಗವತರೇ.”